ಮಕ್ಕಳ ವಿದ್ಯಾಭ್ಯಾಸಕ್ಕೆ ಬಡತನ ಅಡ್ಡಿಯಾಗುವ ಬಗೆ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ರೈತರಿಗೆ ಹೊಸದಲ್ಲ. ಸಸಿಮಡಿಯಲ್ಲಿ ನೀರು ಗೊಬ್ಬರ ಸಾಲದೆ ಬಡಕಲಾದ ಪೈರನ್ನು ನಾಟಿ ಮಾಡಿದರೆ, ಆಮೇಲೆ ಎಷ್ಟು ಮೇಲುಗೊಬ್ಬರ ಹಾಕಿದರೂ ತೆಂಡೆ ಕಡಿಮೆ, ತೆನೆ ಸಣ್ಣ, ಕಾಳು ಜಳ್ಳು. ಮಕ್ಕಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಹುಟ್ಟಿದಂದಿನಿಂದ ಹತ್ತು ಹದಿನಾಲ್ಕು ವರ್ಷದವರೆಗೆ ಮಗುವಿಗೆ ದೊರೆಯುವ ಆಹಾರ, ಆರೋಗ್ಯ ಮತ್ತು ಕಲಿಕೆ ಅದರ ಇಡೀ ಬಾಳಿನ ಬೆಳೆಯನ್ನು ನಿರ್ಧರಿಸುತ್ತವೆ. ಆ ನಷ್ಟವನ್ನು ಅನುಭವಿಸುವುದು ಆ ಮಗುವೊಂದೇ ಅಲ್ಲ. ಇಡೀ ಊರು ಅದರಲ್ಲಿ ಪಾಲುಗೊಳ್ಳುತ್ತದೆ. ಇದು ಹೇಗೆ, ಮತ್ತು ಇದನ್ನು ತಡೆಯಲು ರೈತ ಕುಟುಂಬಗಳು ಏನು ಮಾಡಬಹುದು ಎಂಬುದನ್ನು ಬೆಂಗಳೂರಿನ ಪಶ್ಚಿಮ ಭಾಗದ ನಿದರ್ಶನದೊಂದಿಗೆ ಇಲ್ಲಿ ವಿವರಿಸಲಾಗಿದೆ.

ಹೊಲಗಳ ಮೇಲೆ ಎದ್ದ ಬಡಾವಣೆಗಳು

ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಂದು ಕರೆಯುವ ಬಡಾವಣೆಗಳು ಒಂದು ಕಾಲದಲ್ಲಿ ಹೊಲ, ತೋಪು, ಕೆರೆಯಂಗಳಗಳಾಗಿದ್ದವು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ ಮುಂತಾದ ಊರುಗಳ ಹೆಸರು ಈಗಲೂ ಬಸ್ಸಿನ ಫಲಕಗಳಲ್ಲಿ ಉಳಿದಿದೆ. 1949ರಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರಕ್ಕೆ ಅಡಿಗಲ್ಲು ಬಿದ್ದಿತು. 1945ರಲ್ಲಿ ರಚಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಅದರ ಜಾಗಕ್ಕೆ 1976ರಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಇವೆರಡೂ ಹೊಲಗಳನ್ನು ನಿವೇಶನಗಳಾಗಿ ಮಾರ್ಪಡಿಸುತ್ತಾ ನಗರವನ್ನು ಕೆಂಗೇರಿಯವರೆಗೆ ಒಯ್ದವು.

ಬಡಾವಣೆಯೊಂದಿಗೆ ದುಡಿಯುವ ಜನರೂ ಬಂದರು. ತುಮಕೂರು, ಮಂಡ್ಯ, ಮಾಗಡಿ, ಕುಣಿಗಲ್ ಕಡೆಯ ಸಣ್ಣ ಹಿಡುವಳಿದಾರರ ಮಕ್ಕಳು ಪೀಣ್ಯ ಮತ್ತು ರಾಜಾಜಿನಗರದ ಕಾರ್ಖಾನೆಗಳಿಗೂ, ಮೈಸೂರು ರಸ್ತೆಯ ಸಿದ್ಧ ಉಡುಪಿನ ಘಟಕಗಳಿಗೂ ಸೇರಿದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರು ಕಟ್ಟಡದ ಕೆಲಸ, ರಸ್ತೆ ಅಗೆತದ ಕೆಲಸ ಹಿಡಿದು ಖಾಲಿ ನಿವೇಶನಗಳಲ್ಲಿ ತಗಡಿನ ಶೆಡ್ಡು, ಟಾರ್ಪಾಲಿನ ಗುಡಾರಗಳಲ್ಲಿ ನೆಲೆಸುತ್ತಾರೆ. ಹೀಗೆ ಹಳ್ಳಿಯ ಬಡತನ ಮತ್ತು ನಗರದ ಬಡತನ ಬೇರೆ ಬೇರೆಯಲ್ಲ. ಒಣ ಭೂಮಿಯಲ್ಲಿ ಬೆಳೆ ಹೋದಾಗ ಅದರ ಫಲ ಕೆಂಗೇರಿಯ ಶೆಡ್ಡಿನಲ್ಲಿ ಕುಳಿತ, ಶಾಲೆ ಬಿಟ್ಟ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ.

ಬಡತನ ಓದಿಗೆ ಅಡ್ಡ ಬರುವ ದಾರಿಗಳು

ಶಾಲೆಯಲ್ಲಿ ಶುಲ್ಕವಿಲ್ಲ, ಪುಸ್ತಕ ಸಮವಸ್ತ್ರ ಸರ್ಕಾರವೇ ಕೊಡುತ್ತದೆ, ಆದರೂ ಮಕ್ಕಳು ಏಕೆ ಓದುವುದಿಲ್ಲ ಎಂದು ಅನೇಕರು ಕೇಳುವುದುಂಟು. ಬಡತನ ಒಂದೇ ಬಾಗಿಲಿನಿಂದ ಬರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಮುಖ್ಯವಾದ ನಾಲ್ಕು ದಾರಿಗಳನ್ನು ಇಲ್ಲಿ ಪರಿಶೀಲಿಸಬಹುದು.

1. ಹಸಿವು ಮತ್ತು ರಕ್ತಹೀನತೆ: ಗರ್ಭದಲ್ಲಿರುವಾಗಿನಿಂದ ಎರಡು ವರ್ಷ ತುಂಬುವವರೆಗಿನ ಸುಮಾರು 1,000 ದಿನಗಳಲ್ಲಿ ಮಿದುಳು ಅತಿ ಶೀಘ್ರವಾಗಿ ಬೆಳೆಯುತ್ತದೆ. ಆಗ ಆಹಾರದ ಕೊರತೆಯಾದರೆ ಮಗುವಿನ ಎತ್ತರವೂ ಕುಂದುತ್ತದೆ, ಗ್ರಹಣ ಶಕ್ತಿಯೂ ಕುಂದುತ್ತದೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳ ಪೈಕಿ ಶೇಕಡಾ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಹೊಂದಿರಲಿಲ್ಲ. 6 ತಿಂಗಳಿನಿಂದ 59 ತಿಂಗಳ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಿರುವ ಮಗು ತರಗತಿಯಲ್ಲಿ ತೂಕಡಿಸುತ್ತದೆ, ಬೇಗ ದಣಿಯುತ್ತದೆ, ಹೇಳಿದ ಪಾಠ ನೆನಪಿನಲ್ಲಿ ನಿಲ್ಲುವುದಿಲ್ಲ. ಇದನ್ನು ಸೋಮಾರಿತನವೆಂದೋ ದಡ್ಡತನವೆಂದೋ ಬೈಯುವುದು ಸಾಮಾನ್ಯ. ಗಂಧಕವೋ ಸತುವೋ ಕಡಿಮೆಯಾಗಿ ಹಳದಿಯಾದ ಪೈರನ್ನು ಯಾವ ರೈತನೂ ಬೈಯುವುದಿಲ್ಲ, ಕಾರಣ ಹುಡುಕುತ್ತಾನೆ. ಮಕ್ಕಳ ವಿಷಯದಲ್ಲಿಯೂ ಅದೇ ದೃಷ್ಟಿ ಬೇಕು.

2. ಜಂತುಹುಳು ಮತ್ತು ಕಾಯಿಲೆ: ಬರಿಗಾಲಿನ ಓಡಾಟ, ಬಯಲು ಶೌಚ ಮತ್ತು ಕಲುಷಿತ ನೀರಿನಿಂದ ಹೊಟ್ಟೆಹುಳುಗಳು ಸೇರುತ್ತವೆ. ತಿಂದ ಅನ್ನದ ಸಾರವನ್ನು ಅವೇ ಹೀರುತ್ತವೆ. ರಾಜಾಜಿನಗರ, ವಿಜಯನಗರಗಳ ಕಡೆಯ ಕೊಳಚೆಯನ್ನು ಹೊತ್ತು ಕೆಂಗೇರಿಯ ಮೂಲಕ ಬೈರಮಂಗಲ ಕೆರೆಗೆ ಹರಿಯುವ ವೃಷಭಾವತಿಯ ದಂಡೆಯಲ್ಲಿ ವಾಸಿಸುವ ಮಕ್ಕಳಿಗೆ ಈ ಅಪಾಯ ಹೆಚ್ಚು. ವಾಂತಿಭೇದಿ, ಚರ್ಮರೋಗಗಳಿಂದ ತಪ್ಪಿದ ಶಾಲೆಯ ದಿನಗಳು ಸೇರುತ್ತಾ ಹೋಗಿ ಕೊನೆಗೆ ಮಗು ತರಗತಿಯಲ್ಲಿ ಹಿಂದೆ ಬೀಳುತ್ತದೆ.

3. ಮನೆಯ ದುಡಿಮೆ: ತಾಯಿ ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೋ ಮನೆಗೆಲಸಕ್ಕೋ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ದೊಡ್ಡ ಮಗಳ ಮೇಲೆ ಬೀಳುತ್ತದೆ. ನೀರು ಹಿಡಿಯುವುದು, ಅಡಿಗೆ, ಊದುಬತ್ತಿ ಹೊಸೆಯುವಂತಹ ಮನೆಯಲ್ಲಿ ಮಾಡುವ ಕೂಲಿ ಕೆಲಸ ಎಲ್ಲವೂ ಅವಳ ಪಾಲಿಗೆ. ಹಳ್ಳಿಯಲ್ಲಾದರೆ ಕುರಿ ಮೇಯಿಸುವುದು, ಕಳೆ ಕೀಳುವುದು, ಹಿಪ್ಪುನೇರಳೆ ಸೊಪ್ಪು ಬಿಡಿಸುವುದು. ಮಗು ಶಾಲೆ ಬಿಡುವುದು ಒಂದೇ ದಿನದಲ್ಲಿ ಅಲ್ಲ. ವಾರಕ್ಕೆ ಎರಡು ದಿನ ತಪ್ಪುತ್ತದೆ, ಲೆಕ್ಕ ಅರ್ಥವಾಗುವುದಿಲ್ಲ, ನಾಚಿಕೆಯಾಗುತ್ತದೆ, ಕೊನೆಗೆ ಹೋಗುವುದೇ ನಿಲ್ಲುತ್ತದೆ.

4. ಗುಳೆ: ಇದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 8ನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಪಾಠ ನಡೆಯಬೇಕು. ಶಾಲೆಯ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 22 ದಿನ. ಸುಗ್ಗಿ ಮುಗಿಸಿ ಜನವರಿಯಲ್ಲಿ ಊರು ಬಿಟ್ಟ ಕುಟುಂಬ ಮಾರ್ಚ್ ಕೊನೆಯವರೆಗೆ ಹಿಂದಿರುಗದಿದ್ದರೆ ಮಗುವಿಗೆ 66 ದಿನದ ಪಾಠ, ಎಂದರೆ ವರ್ಷದ ಶೇಕಡಾ 30 ಭಾಗ, ಕೈತಪ್ಪುತ್ತದೆ. ಪರೀಕ್ಷೆಯೂ ಅದೇ ಕಾಲಕ್ಕೆ ಬರುತ್ತದೆ. ಹೀಗೆ ಎರಡು ವರ್ಷ ಕಳೆದರೆ ಆ ಮಗು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದು ಕಷ್ಟ.

ರೇಷ್ಮೆ ಸೀಮೆ ಕಲಿಸಿದ ಪಾಠ

ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆ ಹಿಡಿದು ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟರೆ ಮಾಗಡಿ, ರಾಮನಗರ, ಚನ್ನಪಟ್ಟಣಗಳ ರೇಷ್ಮೆ ಸೀಮೆ ಸಿಗುತ್ತದೆ. ಇಲ್ಲಿನ ನೂಲು ಬಿಚ್ಚುವ ಮತ್ತು ಹುರಿ ಮಾಡುವ ಘಟಕಗಳಲ್ಲಿ ಮಕ್ಕಳು ದುಡಿಯುತ್ತಿದ್ದುದು ದೇಶ ವಿದೇಶಗಳಲ್ಲಿ ಸುದ್ದಿಯಾಗಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996 ಮತ್ತು 2003ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಕರ್ನಾಟಕದ ಈ ಉದ್ಯಮವೂ ಸೇರಿತ್ತು. ಮದುವೆಗೋ ಆಸ್ಪತ್ರೆಗೋ ಬೇಕಾದ ಹಣವನ್ನು ತಂದೆ ತಾಯಿ ಘಟಕದ ಮಾಲೀಕರಿಂದ ಮುಂಗಡ ಪಡೆಯುವುದು, ಅದು ತೀರುವವರೆಗೆ ಮಗುವನ್ನು ಕೆಲಸಕ್ಕೆ ಬಿಡುವುದು, ಇದು ನಡೆದುಕೊಂಡು ಬಂದ ಪದ್ಧತಿ. ಕುದಿನೀರಿನಲ್ಲಿ ಗೂಡು ಆಡಿಸಿ ಕೈ ಬೊಬ್ಬೆ ಬರುತ್ತಿತ್ತು. ಹುರಿ ಯಂತ್ರಗಳ ನಡುವೆ ದಿನವಿಡೀ ನಿಂತು ಎಳೆ ಕಟ್ಟಬೇಕಾಗಿತ್ತು.

ಇಲ್ಲಿ ಗಮನಿಸಬೇಕಾದ ಆರ್ಥಿಕ ಅಂಶವೊಂದಿದೆ. ಮಗುವಿಗೆ ಕೊಡುವ ಕೂಲಿ ಕಡಿಮೆ. ಮಗು ಅಗ್ಗಕ್ಕೆ ಸಿಕ್ಕಿದರೆ ದೊಡ್ಡವರಿಗೆ ಕೆಲಸ ಸಿಗುವುದಿಲ್ಲ, ಸಿಕ್ಕಿದರೂ ಕೂಲಿ ಏರುವುದಿಲ್ಲ. ದೊಡ್ಡವರ ಕೂಲಿ ಏರದಿದ್ದರೆ ಇನ್ನೊಂದು ಮಗುವನ್ನು ಕೆಲಸಕ್ಕೆ ಕಳುಹಿಸಬೇಕಾಗುತ್ತದೆ. ಹೀಗೆ ಒಂದು ಮನೆಯ ಬಡತನ ಪಕ್ಕದ ಮನೆಯ ಕೂಲಿಯನ್ನೂ ಕೆಳಗೆ ಎಳೆಯುತ್ತದೆ. ಮಗುವಿನ ದುಡಿಮೆ ಬಡತನಕ್ಕೆ ಪರಿಹಾರವಲ್ಲ. ಅದು ಬಡತನದ ಬಿತ್ತನೆ ಬೀಜ.

ಜೀತ ಪದ್ಧತಿಯನ್ನು 1976ರ ಕಾಯಿದೆ ನಿಷೇಧಿಸಿತು. ಬಾಲಕಾರ್ಮಿಕರ ಬಗ್ಗೆ 1986ರಲ್ಲಿ ಬಂದ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗಕ್ಕೆ ನೇಮಿಸಿಕೊಳ್ಳುವುದು ಅಪರಾಧವಾಯಿತು. 14ರಿಂದ 18 ವರ್ಷದವರನ್ನು ಅಪಾಯಕರ ಕೆಲಸಕ್ಕೆ ಹಚ್ಚುವಂತಿಲ್ಲ. ಸ್ವಂತ ಹೊಲಮನೆಯಲ್ಲಿ ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ನೆರವಾಗುವುದಕ್ಕೆ ಮಾತ್ರ ಕಾಯಿದೆ ಅವಕಾಶ ಕೊಡುತ್ತದೆ. ಶಾಲೆ ತಪ್ಪಿಸಿ ಸ್ವಂತ ತೋಟದಲ್ಲಿ ದುಡಿಸುವುದಕ್ಕೂ ಅವಕಾಶವಿಲ್ಲ ಎಂಬುದನ್ನು ರೈತರು ನೆನಪಿನಲ್ಲಿಡಬೇಕು.

ಊರಿಗೆ ಆಗುವ ನಷ್ಟ

ಒಂದು ಮಗು ಓದದೆ ಹೋದರೆ ಊರಿಗೇನು ನಷ್ಟ? ಬೇಸಾಯದಿಂದಲೇ ಉದಾಹರಣೆ ಕೊಡಬಹುದು. ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತಿ ಹೆಚ್ಚು ವಿಷದ ಗುರುತು, ಅನಂತರ ಹಳದಿ, ನೀಲಿ, ಹಸಿರು. ಲೀಟರಿಗೆ 2 ಮಿಲಿಲೀಟರ್ ಎಂದಿದ್ದರೆ 15 ಲೀಟರಿನ ಕ್ಯಾನಿಗೆ 30 ಮಿಲಿಲೀಟರ್ ಸಾಕು. ಓದು ಲೆಕ್ಕ ಬಾರದವರು ಮುಚ್ಚಳದ ಅಂದಾಜಿನಲ್ಲಿ ಸುರಿಯುತ್ತಾರೆ. ಹಣ ಹೆಚ್ಚು ಖರ್ಚಾಗುತ್ತದೆ, ಸಿಂಪಡಿಸುವವರ ಆರೋಗ್ಯ ಕೆಡುತ್ತದೆ, ಕೀಟಗಳಿಗೆ ನಿರೋಧಕ ಶಕ್ತಿ ಬರುತ್ತದೆ. ಆ ಕೀಟ ಬೇಲಿ ನೋಡಿ ನಿಲ್ಲುವುದಿಲ್ಲ, ಪಕ್ಕದವರ ಹೊಲಕ್ಕೂ ಹೋಗುತ್ತದೆ.

1980ರ ಸುಮಾರಿಗೆ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಾಲ್ಕು ವರ್ಷ ಓದಿದ ರೈತನ ಉತ್ಪಾದನೆ ಓದದವನಿಗಿಂತ ಸರಾಸರಿ ಶೇಕಡಾ 7ರಿಂದ 9ರಷ್ಟು ಹೆಚ್ಚು ಎಂದು ಕಂಡುಬಂದಿತು. ಹೊಸ ತಳಿ, ಹೊಸ ಗೊಬ್ಬರ ಬಂದಿರುವ ಕಡೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಭಾರತದ ಹಸಿರು ಕ್ರಾಂತಿಯ ಕಾಲದ ಅಂಕಿ ಅಂಶಗಳೂ ಇದನ್ನೇ ಹೇಳುತ್ತವೆ. ಒಬ್ಬ ರೈತ ಹೊಸ ತಳಿಯನ್ನು ಸರಿಯಾಗಿ ಬೆಳೆದರೆ ನೆರೆಯವರು ಅವನನ್ನು ನೋಡಿ ಕಲಿಯುತ್ತಾರೆ. ಆದ್ದರಿಂದ ಓದಿದ ಒಬ್ಬನ ಲಾಭ ಊರಿನವರಿಗೂ ಹಂಚಿಹೋಗುತ್ತದೆ.

ಬೇರೆ ದೇಶಗಳಲ್ಲಿ ನಡೆದ ಎರಡು ಪ್ರಯೋಗಗಳು ಇಲ್ಲಿ ಉಲ್ಲೇಖಾರ್ಹ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳ ಮಕ್ಕಳಿಗೆ ಸಸಾರಜನಕವಿರುವ ಪುಷ್ಟಿಕರ ಗಂಜಿಯನ್ನೂ, ಉಳಿದೆರಡು ಹಳ್ಳಿಗಳಲ್ಲಿ ಸಾಮಾನ್ಯ ಸಿಹಿ ಪಾನೀಯವನ್ನೂ ಕೊಡಲಾಯಿತು. ಮಕ್ಕಳು ದೊಡ್ಡವರಾದ ಮೇಲೆ ಪರಿಶೀಲಿಸಿದಾಗ, ಮೂರು ವರ್ಷದೊಳಗೆ ಗಂಜಿ ಕುಡಿದ ಗಂಡಸರ ಗಂಟೆಯ ಕೂಲಿ ಶೇಕಡಾ 46ರಷ್ಟು ಹೆಚ್ಚಾಗಿತ್ತು. ಹೆಂಗಸರು ಒಂದು ತರಗತಿಗಿಂತ ಹೆಚ್ಚು ಓದಿದ್ದರು. ಎರಡನೆಯದು ಕೀನ್ಯಾ ದೇಶದ 75 ಶಾಲೆಗಳಲ್ಲಿ 1998ರಿಂದ ನಡೆದ ಪ್ರಯೋಗ. ಜಂತುಹುಳುವಿನ ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಕಾಲು ಭಾಗದಷ್ಟು ಕಡಿಮೆಯಾಯಿತು. ಮಾತ್ರೆ ತೆಗೆದುಕೊಳ್ಳದ ಮಕ್ಕಳಿಗೂ ಹುಳುವಿನ ಕಾಟ ತಗ್ಗಿತೆಂದು ವರದಿಯಾಯಿತು. ಲಾಭದ ಪ್ರಮಾಣ ಎಷ್ಟು ಎಂಬ ಬಗ್ಗೆ ಆಮೇಲೆ ವಿದ್ವಾಂಸರಲ್ಲಿ ಚರ್ಚೆ ನಡೆದಿದ್ದರೂ ತತ್ವ ಮಾತ್ರ ರೈತರಿಗೆ ಪರಿಚಿತವೇ. ಒಬ್ಬರ ಬದುವಿನ ಪಾರ್ಥೇನಿಯಂ ಕಿತ್ತರೆ ಎಲ್ಲರ ಹೊಲಕ್ಕೂ ಕ್ಷೇಮ.

ಊಟದಿಂದ ಆರಂಭವಾದ ಬದಲಾವಣೆ

ಹಿಂದೆ ಹಳ್ಳಿಯಿಂದ ಬೆಂಗಳೂರಿಗೆ ಓದಲು ಬಂದ ಬಡ ಹುಡುಗರಿಗೆ ವಾರಾನ್ನವೇ ಗತಿಯಾಗಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಆ ಏರ್ಪಾಡು ಕೆಲವರಿಗೆ ಮಾತ್ರ ಒದಗುತ್ತಿತ್ತು. ಸಮುದಾಯಗಳ ಮತ್ತು ಮಠಗಳ ಉಚಿತ ವಿದ್ಯಾರ್ಥಿನಿಲಯಗಳು ಅದನ್ನು ವಿಸ್ತರಿಸಿದವು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಬಂದವರು. ಭೌತಶಾಸ್ತ್ರದಲ್ಲಿ ವಿದೇಶದಿಂದ ಡಾಕ್ಟರೇಟ್ ಪಡೆದು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ವಿಜಯನಗರಕ್ಕೂ ಕೆಂಗೇರಿಗೂ ನಡುವಣ ಜ್ಞಾನಭಾರತಿ ಆ ವಿಶ್ವವಿದ್ಯಾನಿಲಯದ ಆವರಣ. ಅವರು ದುಡಿದ ನ್ಯಾಷನಲ್ ಶಿಕ್ಷಣ ಸಂಸ್ಥೆಯ ಕಾಲೇಜುಗಳು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿಯೂ ನಡೆಯುತ್ತಿವೆ. ಒಬ್ಬ ಬಡ ಹುಡುಗನಿಗೆ ಓದು ದಕ್ಕಿದರೆ ಅದರ ಫಲ ಅವನ ಸೀಮೆಗೇ ಹಿಂದಿರುಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ನಡೆದು ಬರಲಾಗದೆ ಊರಿನಲ್ಲೇ ಉಳಿದ ಹುಡುಗರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಎಲ್ಲ ಮಕ್ಕಳಿಗೂ ತಲಪುವ ಏರ್ಪಾಡು ಬೇಕಾದುದು ಇದಕ್ಕಾಗಿಯೇ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಕರ್ನಾಟಕದ ತಿ. ನರಸೀಪುರವೂ ಸೇರಿತ್ತು. ಅಂಗನವಾಡಿಗಳು ಬಂದದ್ದು ಹೀಗೆ. 2000ದಲ್ಲಿ ರಾಜಾಜಿನಗರದ ಇಸ್ಕಾನ್ ದೇವಾಲಯದ ಆಶ್ರಯದಲ್ಲಿ ಅಕ್ಷಯ ಪಾತ್ರೆ ಎಂಬ ಹೆಸರಿನಿಂದ 5 ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ಒದಗಿಸುವ ಕೆಲಸ ಆರಂಭವಾಯಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಪ್ರಾರಂಭವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಮೂಲಕ 150 ಮಿಲಿಲೀಟರ್ ಹಾಲು, ಅನಂತರ ಮೊಟ್ಟೆ ಅಥವಾ ಬಾಳೆಹಣ್ಣು, 2024ರಲ್ಲಿ ರಾಗಿ ಮಾಲ್ಟ್ ಸೇರಿದವು. ರೈತ ಕರೆದ ಹಾಲು, ರೈತ ಬೆಳೆದ ರಾಗಿ ಶಾಲೆಯ ಮಕ್ಕಳಿಗೆ ತಲಪುವುದರಿಂದ ಎರಡೂ ಕಡೆಗೆ ಉಪಕಾರ. ಬಾಲ್ಯದಲ್ಲಿ ಶಾಲೆಯ ಊಟ ಉಂಡ ಹೆಣ್ಣುಮಕ್ಕಳು ತಾಯಂದಿರಾದಾಗ ಅವರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆ ಎಂದು 2021ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದು ತೋರಿಸಿತು. ಒಂದು ಹೊತ್ತಿನ ಊಟದ ಫಲ ಎರಡನೆಯ ತಲೆಮಾರಿಗೂ ಸಾಗುತ್ತದೆ.

ಕಲಿಸುವ ವಿಧಾನದಲ್ಲಿಯೂ ಸುಧಾರಣೆಯಾಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಲಾಗಿದೆ. ಕೆಲವು ದಿನ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕೂಲಿಕಾರರ ಮಕ್ಕಳಿಗೆ ಇದು ಅನುಕೂಲ.

ಗುಳೆ ಹೋಗುವ ಕುಟುಂಬಗಳು ತಿಳಿದಿರಬೇಕಾದುದು

6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡುವ ಕಾಯಿದೆ 2009ರಲ್ಲಿ ರಚನೆಯಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ:

1. ವರ್ಷದ ನಡುವೆ ಬಂದರೂ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳಬೇಕು. ತಡವಾಯಿತೆಂದು ಹಿಂದಕ್ಕೆ ಕಳುಹಿಸುವಂತಿಲ್ಲ.

2. ವರ್ಗಾವಣೆ ಪತ್ರ ಬರುವುದು ತಡವಾದರೂ, ಜನನ ಪ್ರಮಾಣ ಪತ್ರ ಇಲ್ಲದಿದ್ದರೂ ಪ್ರವೇಶ ನಿರಾಕರಿಸುವಂತಿಲ್ಲ.

3. ಶಾಲೆ ಬಿಟ್ಟಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಹತ್ತು ವರ್ಷದ ಹುಡುಗನನ್ನು ಒಂದನೆಯ ತರಗತಿಯಲ್ಲಿ ಕೂರಿಸಿ ನಾಚಿಕೆಪಡಿಸಬೇಕಾಗಿಲ್ಲ.

ಊರು ಬಿಡುವ ಮೊದಲು ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಹೋಗುವ ಸ್ಥಳ ಬರೆಯಿಸಿ, ಮಗುವಿನ ಪುಸ್ತಕಗಳನ್ನು ಗಂಟಿನಲ್ಲಿ ಕಟ್ಟಿಕೊಳ್ಳುವುದು ಉತ್ತಮ. ಇನ್ನೂ ಒಳ್ಳೆಯದೆಂದರೆ ಮಗುವನ್ನು ಅಜ್ಜಿಯ ಮನೆಯಲ್ಲೋ, ಋತುಮಾನ ವಸತಿ ಶಾಲೆಯಲ್ಲೋ, ಸರ್ಕಾರಿ ವಿದ್ಯಾರ್ಥಿನಿಲಯದಲ್ಲೋ ಬಿಟ್ಟು ಓದು ಮುಂದುವರಿಸುವುದು. 6ನೆಯ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ, ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಬೆಂಗಳೂರಿನಲ್ಲಿ ಕಟ್ಟಡ ಕೂಲಿಕಾರರ ಮಕ್ಕಳಿಗಾಗಿ ಟೆಂಟ್ ಶಾಲೆಗಳನ್ನೂ ನಡೆಸಲಾಗಿದೆ. 14 ತುಂಬಿದೊಡನೆ ಕಾಯಿದೆಯ ರಕ್ಷಣೆ ಮುಗಿಯುವುದರಿಂದ 9 ಮತ್ತು 10ನೆಯ ತರಗತಿಯಲ್ಲಿ ಪೋಷಕರು ಹೆಚ್ಚು ಎಚ್ಚರ ವಹಿಸಬೇಕು. ರೈತರ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಎಂಬ ಶಿಷ್ಯವೇತನ ಆರಂಭವಾಯಿತು. ಇಂತಹ ನೆರವಿನ ಸದ್ಯದ ನಿಯಮಗಳನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಮನೆಯಲ್ಲಿ ಮತ್ತು ಊರಿನಲ್ಲಿ ಮಾಡಬಹುದಾದ ಕೆಲಸಗಳು

(ಅ) ಆಹಾರ: ಬಡ ಮನೆಯಲ್ಲಿಯೂ ರಾಗಿ, ಹುರುಳಿ, ಅವರೆ, ನುಗ್ಗೆ ಸೊಪ್ಪು ದೊರೆಯುತ್ತವೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ರಾಗಿಯನ್ನೂ ಹೆಸರುಕಾಳನ್ನೂ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿಟ್ಟುಕೊಂಡರೆ ಆರು ತಿಂಗಳು ತುಂಬಿದ ಮಗುವಿಗೆ ಒಳ್ಳೆಯ ಗಂಜಿಯಾಗುತ್ತದೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಕಾಫಿ ಟೀ ಕೊಡಬಾರದು, ಅದು ಕಬ್ಬಿಣದ ಅಂಶವನ್ನು ತಡೆಯುತ್ತದೆ.

(ಆ) ಆರೋಗ್ಯ: ಶಾಲೆ ಮತ್ತು ಅಂಗನವಾಡಿಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಹಾಗೂ ಕಬ್ಬಿಣದ ಮಾತ್ರೆಗಳನ್ನು ತಪ್ಪಿಸಬಾರದು. ಕಾಲಿಗೆ ಚಪ್ಪಲಿ, ಕೈಗೆ ಸಾಬೂನು, ಮನೆಗೆ ಶೌಚಾಲಯ ಇವು ಮೂರೂ ಓದಿನ ಸಾಧನಗಳೇ.

(ಇ) ಹಾಜರಿ: ಮಗು ಸತತವಾಗಿ ಒಂದು ವಾರ ಶಾಲೆಗೆ ಬಾರದಿದ್ದರೆ ಅದನ್ನು ಅಪಾಯದ ಸೂಚನೆಯೆಂದು ತಿಳಿಯಬೇಕು. ಶಾಲಾಭಿವೃದ್ಧಿ ಸಮಿತಿಯವರು ಆ ಮನೆಗೆ ಹೋಗಿ ಕಾರಣ ಕೇಳಬೇಕು, ಗದರಿಸಬಾರದು. ಬಹುಮಟ್ಟಿಗೆ ಕಾರಣ ಸಣ್ಣದಿರುತ್ತದೆ: ಕೂಸನ್ನು ನೋಡಿಕೊಳ್ಳುವವರಿಲ್ಲ, ದನ ಕಾಯುವವರಿಲ್ಲ. ನಾಲ್ಕು ಮನೆಯವರು ಸರದಿಯಂತೆ ದನ ಮೇಯಿಸಿದರೆ ನಾಲ್ಕು ಮಕ್ಕಳು ಓದುತ್ತಾರೆ.

(ಈ) ಸಾಲ: ಮಗುವನ್ನು ದುಡಿಮೆಗೆ ನೂಕುವುದು ಬಹಳ ವೇಳೆ ಅಕಸ್ಮಾತ್ತಾಗಿ ಬರುವ ಆಸ್ಪತ್ರೆ ಖರ್ಚು. ಸ್ತ್ರೀಶಕ್ತಿ ಸಂಘ, ಸಹಕಾರ ಸಂಘಗಳಲ್ಲಿ ಸದಸ್ಯರಾಗಿದ್ದು ಸಣ್ಣ ಉಳಿತಾಯ ಮಾಡಿದ್ದರೆ ಮುಂಗಡಕ್ಕಾಗಿ ಕೈಚಾಚುವ ಪ್ರಸಂಗ ಬರುವುದಿಲ್ಲ.

(ಉ) ದೂರು: ಎಲ್ಲಿಯಾದರೂ ಮಗುವನ್ನು ದುಡಿಸುತ್ತಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ದೂರವಾಣಿ ಮಾಡಬೇಕು. ಕರೆಗೆ ಹಣ ಬೀಳುವುದಿಲ್ಲ. ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ತಮ್ಮ ಕಷ್ಟ ಹೇಳಿಕೊಳ್ಳಲು ಹಿರಿಯರು ಅವಕಾಶ ಮಾಡಿಕೊಡಬೇಕು.

ಕೊನೆಯ ಮಾತು

ಬಡತನ ಒಂದು ದಿನದಲ್ಲಿ ಹೋಗುವಂತಹುದಲ್ಲ. ಮಳೆ, ಬೆಲೆ, ಭೂಮಿ ಇವೆಲ್ಲ ರೈತನ ಕೈಯಲ್ಲಿಲ್ಲ. ಆದರೆ ಬರಗಾಲದಲ್ಲಿಯೂ ರೈತ ಬಿತ್ತನೆ ಬೀಜವನ್ನು ತಿಂದುಬಿಡುವುದಿಲ್ಲ. ಅರೆಹೊಟ್ಟೆಯಲ್ಲಿದ್ದು ಅದನ್ನು ಬೂದಿ ಬೆರೆಸಿ ಮಡಕೆಯಲ್ಲಿ ಕಾಪಾಡುತ್ತಾನೆ. ಮಕ್ಕಳ ಶಾಲೆಯ ದಿನಗಳು ಅಂತಹ ಬಿತ್ತನೆ ಬೀಜ. ಕಷ್ಟದ ವರ್ಷದಲ್ಲಿ ಮೊದಲು ಮಗುವಿನ ಓದನ್ನು ನಿಲ್ಲಿಸುವ ಬದಲು ಕೊನೆಯವರೆಗೂ ಅದನ್ನು ಉಳಿಸಿಕೊಳ್ಳುವ ಮನೆ ಮುಂದೆ ಚೇತರಿಸಿಕೊಳ್ಳುತ್ತದೆ. ಅಂತಹ ಮನೆಗಳಿಗೆ ನೆರೆಹೊರೆಯವರು ಹೆಗಲು ಕೊಟ್ಟರೆ ಊರೂ ಮುಂದೆ ಬರುತ್ತದೆ. ಈ ಸಾರಿ ಶಾಲೆ ತೆರೆಯುವ ಹೊತ್ತಿಗೆ ತಮ್ಮ ಕೇರಿಯಲ್ಲಿ ಶಾಲೆಗೆ ಸೇರದ ಮಗು ಯಾವುದಿದೆ ಎಂದು ರೈತ ಬಾಂಧವರು ಒಮ್ಮೆ ಎಣಿಸಿ ನೋಡುವುದು ಮೊದಲ ಹೆಜ್ಜೆ.